ಮೂರನೇ ಜಾಗದ ಹಸು

ನಮ್ಮ ಹಾಲಿನ ಕೇಂದ್ರದಲ್ಲಿ ಎಲ್ಲರೂ ಅವರನ್ನು ಗಡಿಯಾರದಕ್ಕ ಎನ್ನುತ್ತಿದ್ದರು. ಬೆಳಿಗ್ಗೆ ಐದೂವರೆಗೆ ನಾನು ಶಟರ್ ಎತ್ತುವ ಹೊತ್ತಿಗೆ ಸಾಲಿನಲ್ಲಿ ಮೊದಲು ನಿಂತಿರುತ್ತಿದ್ದವರು ಅವರೇ. ಹತ್ತೊಂಬತ್ತು ವರ್ಷ. ನಾನು ತಡವಾಗಿ ಬಂದ ದಿನಗಳು ಬೇಕಾದಷ್ಟಿವೆ, ಅವರು ತಡವಾದದ್ದು ಒಂದು ದಿನವೂ ಇಲ್ಲ. ಶಟರ್ ಅರ್ಧ ಎದ್ದಾಗ ಮೊದಲು ಅವರ ರಬ್ಬರ್ ಬೂಟು ಕಾಣುತ್ತಿತ್ತು, ಆಮೇಲೆ ಕ್ಯಾನು, ಆಮೇಲೆ ಮುಖ. ಆ ಮುಖದಲ್ಲಿ 'ಈಗ ಬೆಳಗಾಯಿತೇನಪ್ಪ ನಿನಗೆ' ಎಂದು ಬರೆದಿರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಯಾವಾಗಲೂ ಸರಿಯಾಗಿರುವವರ ಪಕ್ಕದಲ್ಲಿ ನಿಲ್ಲುವುದು ನನ್ನಂಥವನಿಗೆ ಕಷ್ಟ.

ನಾನು ಅಲ್ಲಿ ಹಾಲು ಪರೀಕ್ಷೆ ಮಾಡಿ ಅಳೆದುಕೊಳ್ಳುವ ಕೆಲಸದಲ್ಲಿದ್ದೆ. ಒಂದೇ ಕೋಣೆ. ನೀರು ನಿಲ್ಲದ ಹಾಗೆ ಇಳಿಜಾರಾಗಿ ಮಾಡಿದ ನೆಲ, ಗೋಡೆಗೆ ತಾಗಿದ ಮೇಜಿನ ಮೇಲೆ ನನ್ನ ಗಾಜಿನ ಸಾಮಾನು, ನಡುವೆ ಹಾಲನ್ನು ತಣ್ಣಗಿಡುವ ದೊಡ್ಡ ಸ್ಟೀಲಿನ ಟ್ಯಾಂಕು. ಮೂವತ್ತೆಂಟು ಮನೆಗಳ ಹಾಲು ಅದರೊಳಗೆ ಬಿದ್ದು ಒಂದಾಗುತ್ತಿತ್ತು. ಬಿದ್ದ ಮೇಲೆ ಯಾರದು ಯಾವುದು ಎಂದು ಹೇಳಲು ದೇವರಿಂದಲೂ ಆಗುವುದಿಲ್ಲ. ನೀರು ಬೆರೆಸಿದ್ದರೆ ನನಗೆ ಗೊತ್ತಾಗುತ್ತಿತ್ತು, ಕೊಬ್ಬು ಕಡಿಮೆಯಿದ್ದರೂ ಗೊತ್ತಾಗುತ್ತಿತ್ತು. ಔಷಧಿ ಸೇರಿದ್ದರೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಅದನ್ನು ಪತ್ತೆ ಮಾಡುವ ಯಂತ್ರ ಎರಡು ಗಂಟೆ ದೂರದ ಡೈರಿಯಲ್ಲಿತ್ತು.

ಔಷಧಿ ಎಂದರೆ ಇಷ್ಟೇ. ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರು ಮೊಲೆತೊಟ್ಟಿನ ಒಳಕ್ಕೆ ಔಷಧಿ ಏರಿಸುತ್ತಾರೆ. ಅಲ್ಲಿಂದ ಐದು ದಿನ, ಬೆಳಿಗ್ಗೆ ಸಂಜೆ ಸೇರಿ ಹತ್ತು ಕರಾವು, ಆ ಹಸುವಿನ ಹಾಲನ್ನು ಕೇಂದ್ರಕ್ಕೆ ಹಾಕುವ ಹಾಗಿಲ್ಲ. ಕಾಯಿಸಿದರೂ ಆ ಔಷಧಿ ಹೋಗುವುದಿಲ್ಲ. ಅದು ಮೈಗೆ ಒಗ್ಗದವರು ಕುಡಿದರೆ ಮುಖ ಊದಿಕೊಳ್ಳುತ್ತದೆ, ಕೆಲವರಿಗೆ ಉಸಿರೇ ಕಟ್ಟುತ್ತದೆ. ಹಸು ಮಾತ್ರ ಆ ಐದು ದಿನವೂ ಮೊದಲಿನಷ್ಟೇ ತಿನ್ನುತ್ತದೆ. ಹಿಂಡಿಯ ಚೀಲದ ಬೆಲೆ ತಿಂಗಳು ತಿಂಗಳು ಏರುತ್ತಿದ್ದ, ಹಾಲಿನ ದರ ಇದ್ದಲ್ಲೇ ಕೂತಿದ್ದ ಕಾಲ ಅದು. ಹತ್ತು ಕರಾವಿನ ಹಾಲನ್ನು ಕೈಯಾರೆ ನೆಲಕ್ಕೆ ಚೆಲ್ಲು ಎಂದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಚೆಲ್ಲುತ್ತೇವೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ.

ಗಡಿಯಾರದಕ್ಕ ನಿಜವಾಗಿಯೂ ಚೆಲ್ಲುತ್ತಿದ್ದರು. ಅದಕ್ಕೆ ಕಾರಣ ಅವರ ದೊಡ್ಡತನ ಎಂದು ಹೇಳಿದರೆ ಅವರೇ ನಗುತ್ತಾರೆ. ಅವರು ಮಹಾ ಹೆದರಿಕೆಯ ಹೆಂಗಸು. ಮದುವೆಯಾಗಿ ಬಂದಾಗ ಹಸುವಿನ ಹತ್ತಿರ ಹೋಗಲೂ ಹೆದರುತ್ತಿದ್ದರಂತೆ. ಅವರ ಗಂಡ, ನಾನು ಭಾವ ಎನ್ನುವವರು, ಗಾರೆ ಕೆಲಸದವರು. ಒಂದು ದಿನ ಸಾರುವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ಅಕ್ಕ ಹೊಲಿಗೆ ಮೆಷಿನ್ ಮಾರಿ ಹಸು ಕಟ್ಟಿದರು. ಮೊದಲ ವಾರ ಹಸು ಒದೆಯುವುದಕ್ಕಿಂತ ಮೊದಲೇ ಇವರು ಚೀರುತ್ತಿದ್ದರೆಂದು ಆ ಭಾವ ಈಗಲೂ ಹೇಳಿ ನಗುತ್ತಾರೆ. ಒಂದು ಹಸು ನಾಲ್ಕಾಯಿತು. ಹೆದರಿಕೆ ಮಾತ್ರ ಕಡಿಮೆಯಾಗಲಿಲ್ಲ, ಅದೂ ನಾಲ್ಕು ಪಟ್ಟಾಯಿತು. ಹಸುವಿಗೆ ಜ್ವರ ಬಂದರೆ ಹೆದರಿಕೆ, ಮೇವಿನವನು ಫೋನ್ ಎತ್ತದಿದ್ದರೆ ಹೆದರಿಕೆ, ಕೇಂದ್ರದ ಬಾಗಿಲಿಗೆ ಹೊಸ ಕಾಗದ ಅಂಟಿಸಿದ್ದರೆ ಓದುವ ಮೊದಲೇ ಹೆದರಿಕೆ. ಅವರನ್ನು ದಿನವೂ ಐದೂವರೆಗೆ ತಂದು ನಿಲ್ಲಿಸುತ್ತಿದ್ದದ್ದು ಶಿಸ್ತಲ್ಲ, ಈ ಭಯವೇ.

ಆ ವರ್ಷ ಹೆದರಲು ಎಲ್ಲರಿಗೂ ಕಾರಣವಿತ್ತು. ನಮ್ಮ ಟ್ಯಾಂಕಿನ ಹಾಲಿನಲ್ಲಿ ಔಷಧಿ ಇದೆಯೆಂದು ಡೈರಿಯವರು ಎರಡು ಸಲ ಲೋಡನ್ನು ತಿರಸ್ಕರಿಸಿದ್ದರು. ಯಾರ ಹಾಲು ಎಂದು ಪತ್ತೆಯಾಗಲಿಲ್ಲ. ಅವರಿವರ ಮೇಲೆ ಬೆಟ್ಟು ತೋರಿಸಿ ಸುಮ್ಮನಾದೆವು. ಮೂರನೇ ಸಲ ಸಿಕ್ಕಿದರೆ ಟ್ಯಾಂಕರು ಈ ದಾರಿಗೆ ಬರುವುದೇ ಇಲ್ಲ ಎಂದು ಕಾಗದ ಬಂತು. ಅದು ಬರಿ ಬೆದರಿಕೆಯಲ್ಲ ಎಂದು ನಮಗೆ ಗೊತ್ತಿತ್ತು. ಗುಡ್ಡದ ಆಚೆಯ ಊರಿಗೆ ಟ್ಯಾಂಕರು ನಿಂತು ಒಂದೂವರೆ ವರ್ಷವಾಗಿತ್ತು. ಅಲ್ಲಿಯ ಹಸುವಿನ ಹಟ್ಟಿಗಳಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತಾರೆ, ಸಿಮೆಂಟು ಚೀಲ ಜೋಡಿಸುತ್ತಾರೆ. ಹಸುಗಳೆಲ್ಲ ಒಂದೇ ತಿಂಗಳಲ್ಲಿ ಸಿಕ್ಕಿದ ಬೆಲೆಗೆ ಹೋದವು. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಕೊಳ್ಳುವವನು ಮೀಸೆ ತಿರುವುತ್ತಾನೆ. ನಮಗೆ ಟ್ಯಾಂಕರು ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಹಾಲು ಕಾಯುತ್ತ ಕೂರುವ ಪದಾರ್ಥವಲ್ಲ.

ಅಕ್ಕನ ಹಟ್ಟಿಯನ್ನು ನಾನು ಒಳಗಿನಿಂದ ಬಲ್ಲೆ. ಉದ್ದಕ್ಕೆ ನಾಲ್ಕು ಜಾಗ, ನಾಲ್ಕು ಗೂಟ, ಬಾಗಿಲ ಹತ್ತಿರ ಒಂದೇ ಬಲ್ಬು. ಹಸುಗಳು ನಿಲ್ಲುವ ಸರದಿ ಎಂದೂ ಬದಲಾಗುತ್ತಿರಲಿಲ್ಲ. ಮೊದಲು ಸೊಟ್ಟಕೊಂಬು, ಆಮೇಲೆ ಕರಿಮೂತಿ, ಮೂರನೆಯದು ಸೋಮಾರಿ, ಕೊನೆಗೆ ಪುಟ್ಟಿ. ಕರಿಮೂತಿಯ ಮಗಳೇ ಸೋಮಾರಿ. ಹಿಂದಿನಿಂದ ನೋಡಿದರೆ ತಾಯಿ ಯಾವುದು ಮಗಳು ಯಾವುದು ಎಂದು ಹೇಳುವುದು ಕಷ್ಟ. ಮಣಿಕಟ್ಟು ನೋಯಲು ಶುರುವಾದ ಮೇಲೆ ಅಕ್ಕ ಹಿಂದಿನ ವರ್ಷ ಹಾಲು ಕರೆಯುವ ಹಳೆಯ ಮೆಷಿನ್ ಒಂದನ್ನು ತಂದಿದ್ದರು. ನಾಲ್ಕು ಬಟ್ಟಲು ತೊಟ್ಟಿಗೆ ಸಿಕ್ಕಿಸಿದರೆ ಅದು ತನ್ನಷ್ಟಕ್ಕೆ ಎಳೆದುಕೊಳ್ಳುತ್ತಿತ್ತು.

ಆ ವಾರ ಸೋಮಾರಿಗೆ ಕೆಚ್ಚಲು ಬಾವು. ಡಾಕ್ಟರು ಔಷಧಿ ಏರಿಸಿದ್ದರು. ಗುರುತಿಗೆ ಅಕ್ಕ ಅದರ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಎರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು: ಒಂದು, ಎರಡು, ನಾಲ್ಕನೆಯ ಜಾಗದ ಹಾಲು ಕ್ಯಾನಿಗೆ, ಮೂರನೆಯದರದ್ದು ಹಿತ್ತಿಲಿಗೆ. ಎರಡನೆಯ ದಿನ ಸಂಜೆ ಕರಾವು ಮುಗಿದ ಮೇಲೆ ಭಾವ, ಮೂರನೇ ಜಾಗದ ನೆಲ ಒಡೆದಿದೆ, ಹಸು ಜಾರಿದರೆ ಸೊಂಟ ಹೋದೀತು ಎಂದು ಕುಳಿತುಕೊಂಡೇ ಅಲ್ಲಿಗೆ ಸಿಮೆಂಟು ಮೆತ್ತಿದರು. ಸೊಂಟದ ಬೆಲೆ ಅವರಷ್ಟು ಬಲ್ಲವರು ಯಾರು. ಸಿಮೆಂಟು ಪೂರ್ತಿ ಒಣಗಿರಲಿಲ್ಲವಾದ್ದರಿಂದ ಅದರ ಮೇಲೆ ಹಲಗೆ ಹಾಕಿದರು. ಸೋಮಾರಿ ಭಾರದ ಹಸು, ಹಲಗೆ ಮುರಿದೀತು ಎಂದು ಅದನ್ನು ಎರಡನೇ ಜಾಗಕ್ಕೆ ಕಟ್ಟಿ, ಹಗುರವಾದ ಕರಿಮೂತಿಯನ್ನು ಹಲಗೆಯ ಮೇಲೆ ನಿಲ್ಲಿಸಿದರು. ಹೆಂಡತಿಗೆ ಹೇಳಿಯೂ ಹೇಳಿದರು. ಅಕ್ಕ ಹೂಂ ಎಂದದ್ದೂ ನಿಜ. ಆದರೆ ಬೆಳಗಿನ ನಾಲ್ಕೂವರೆಗೆ ಕರೆಯಲು ಕೂತದ್ದು ಆ ಹೂಂ ಎಂದ ಮನಸ್ಸಲ್ಲ, ಹತ್ತೊಂಬತ್ತು ವರ್ಷದ ಅಭ್ಯಾಸ. ಬಲ್ಬಿನ ಬೆಳಕು ಅಲ್ಲಿಯವರೆಗೆ ಸರಿಯಾಗಿ ಬೀಳುತ್ತಿರಲಿಲ್ಲ, ಪಟ್ಟಿಗೆ ಸಗಣಿ ಮೆತ್ತಿತ್ತು. ಮೂರನೇ ಜಾಗದ ಹಾಲನ್ನು ಹಿತ್ತಿಲಿಗೆ ಚೆಲ್ಲಿ, ಉಳಿದದ್ದನ್ನು ಕ್ಯಾನಿಗೆ ಸುರಿದು, ಎಂದಿನ ಹಾಗೆ ಮೊದಲು ಬಂದು ನಿಂತರು. ನಾನು ಎಂದಿನ ಹಾಗೆ ಪರೀಕ್ಷೆ ಮಾಡಿ ಅದನ್ನು ಟ್ಯಾಂಕಿಗೆ ಸುರಿದೆ. ಆ ಬೆಳಿಗ್ಗೆ ಟ್ಯಾಂಕಿಗೆ ಬಿದ್ದ ಮೊದಲ ಹಾಲೇ ಅದು.

ಆರು ಇಪ್ಪತ್ತಕ್ಕೆ ಅಕ್ಕ ಓಡಿಕೊಂಡು ವಾಪಸು ಬಂದರು. ಅವರು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದರು, ಉಳಿದವರು ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಟ್ಯಾಂಕರಿಗೆ ಕಾಯುತ್ತಿದ್ದರು. ಎರಡು ಲೋಡು ಹೋದ ಮೇಲೆ ಟ್ಯಾಂಕರು ಬಂದು ಹೋಗುವುದನ್ನು ಕಣ್ಣಾರೆ ನೋಡದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಅಕ್ಕ ನನ್ನನ್ನು ಜನರೇಟರಿನ ಹಿಂದಕ್ಕೆ ಕರೆದರು. ಮುಖ ಬಿಳಿಚಿಕೊಂಡಿತ್ತು.

"ತಮ್ಮಾ, ಸೋಮಾರಿ ಹಾಲು ಟ್ಯಾಂಕಿಗೆ ಬಿದ್ದಿದೆ. ಬೆಳಕಾದ್ಮೇಲೆ ನೋಡ್ತೀನಿ, ಕೆಂಪು ಪಟ್ಟಿ ಎರಡನೇ ಜಾಗದಲ್ಲಿದೆ. ಒಳ್ಳೇದನ್ನ ಚೆಲ್ಲಿ ಅದನ್ನ ತಂದುಬಿಟ್ಟೆ. ಕೈಯಲ್ಲಿ ಕರೆದಿದ್ರೆ ಮುಟ್ಟಿದ ಕೂಡ್ಲೇ ಗೊತ್ತಾಗ್ತಿತ್ತು. ಈ ಮೆಷಿನ್ಗೆ ಏನು ಗೊತ್ತಾಗತ್ತೆ."

ನನಗೆ ಮೊದಲು ನೆನಪಾದದ್ದು ಹಾಲು ಕುಡಿಯುವವರಲ್ಲ, ಮೂವತ್ತೆಂಟು ಮನೆಯವರೂ ಅಲ್ಲ, ನನ್ನ ನೌಕರಿ. ಕೇಂದ್ರ ಮುಚ್ಚಿದರೆ ಮೊದಲು ಬೀದಿಗೆ ಬೀಳುವವನು ನಾನೇ. ಎಷ್ಟು ಹಾಲು ಎಂದು ಕೇಳಿದೆ. ಆರು ಲೀಟರ್ ಎಂದರು. ಟ್ಯಾಂಕಿನಲ್ಲಿ ಆರುನೂರಕ್ಕೂ ಹೆಚ್ಚು ಇತ್ತು. ಇಷ್ಟರಲ್ಲಿ ಅಷ್ಟು ಯಾವ ಲೆಕ್ಕ, ಯಂತ್ರಕ್ಕೂ ಸಿಗಲಿಕ್ಕಿಲ್ಲ ಎಂದು ಅವರಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಹಿಂದಿನ ಎರಡು ಸಲವೂ ಯಾರೋ ಒಬ್ಬರ ಒಂದು ಹಸುವಿನ ಹಾಲೇ ಇದ್ದಿರಬೇಕು, ಅದು ಸಿಕ್ಕಿತ್ತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಅಕ್ಕಾ, ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಮನೆಗೆ ಹೋಗಿ," ಎಂದೆ.

"ಸಿಕ್ಕಿಬಿಟ್ರೆ?"

"ಸಿಕ್ಕಿದ್ರೂ ಯಾರದ್ದು ಅಂತ ಗೊತ್ತಾಗಲ್ಲ."

ನಾನು ಅವರಿಗೆ ಧೈರ್ಯ ಹೇಳಿದೆ ಎಂದೇ ಅಂದುಕೊಂಡಿದ್ದೆ. ಎಂಥ ಮಾತು ಆಡಿದೆ ಎಂದು ಅವರ ಕಣ್ಣು ನೋಡಿದ ಮೇಲೆ ಗೊತ್ತಾಯಿತು. ಅವರು ಕಟ್ಟೆಯ ಮೇಲೆ ಕೂತಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಒಂದೇ ಹಸು ಇಟ್ಟುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಟೀಚರಮ್ಮ ಅಲ್ಲಿದ್ದರು. ಹೊಸದಾಗಿ ಮೂರು ಹಸು ತಂದು, ಇನ್ನೂ ಹಟ್ಟಿಗೆ ಬಾಗಿಲು ಕೂಡಿಸದ ಅವರ ಸ್ವಂತ ಮೈದುನ ಅಲ್ಲಿದ್ದ. ಸೈಕಲ್ಲಿನಲ್ಲಿ ಹಾಲು ತರುವ ಸೈಕಲ್ ಅಣ್ಣ ಏನೋ ತಮಾಷೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅಕ್ಕ ಹೊರಗೆ ಹೋದರು. ಮನೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತರು. ನಾನು ಉಳಿದವರ ಹಾಲು ಅಳೆಯುತ್ತ ಕಿಟಕಿಯಿಂದ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಅವರು ಬಾಯಿ ತೆರೆದರೆ ಗತಿಯೇನು ಎಂದು ನನಗೆ ಹೆದರಿಕೆ. ತೆರೆಯದಿದ್ದರೆ ಗತಿಯೇನು ಎಂದು ಅದಕ್ಕಿಂತ ದೊಡ್ಡ ಹೆದರಿಕೆ. ಆ ನಲವತ್ತು ನಿಮಿಷದಲ್ಲಿ ಎರಡು ಸಲ ಅಳತೆ ತಪ್ಪಿದೆ.

ಟ್ಯಾಂಕರು ಏಳಕ್ಕೆ ಬಂತು. ಹಿಮ್ಮುಖವಾಗಿ ಬಂದು ಬಾಗಿಲಿಗೆ ಸರಿಯಾಗಿ ನಿಂತಿತು. ನಮ್ಮದು ಆ ದಾರಿಯ ಮೊದಲ ಕೇಂದ್ರ, ನಮ್ಮ ಹಾಲಿನ ಮೇಲೆ ಇನ್ನೂ ಮೂರು ಊರಿನ ಹಾಲು ಬೀಳಬೇಕು. ಡ್ರೈವರು ಇಳಿದು ಪೈಪು ಎಳೆದು ಟ್ಯಾಂಕಿನ ಬಾಯಿಗೆ ಸಿಕ್ಕಿಸಿದ. ಅವನಿಗೆ ಯಾವಾಗಲೂ ಅವಸರ. ನಾನು ವಾಲ್ವಿನ ಮೇಲೆ ಕೈ ಇಟ್ಟೆ. ತಿರುಗಿಸಿಬಿಟ್ಟರೆ ಮುಗಿಯಿತು ಎಂದುಕೊಂಡೆ. ಆಗ ನನ್ನ ಕೈಯ ಮೇಲೆ ಇನ್ನೊಂದು ಕೈ ಬಂತು. ಬೆವರಿನಿಂದ ತಣ್ಣಗಾಗಿತ್ತು.

"ಬಿಡ್ಬೇಡ," ಎಂದರು ಅಕ್ಕ. ಆಮೇಲೆ ಬಾಗಿಲ ಕಡೆಗೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, ಒಂದೇ ಉಸಿರಿಗೆ ಹೇಳಿದರು. "ಔಷಧಿ ಹಾಕಿದ ಹಸು ಹಾಲು ಇದರಲ್ಲಿದೆ. ನಂದೇ. ತಪ್ಪಿ ಹಾಕ್ಬಿಟ್ಟೆ. ಇದು ಡೈರಿಗೆ ಹೋದ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೆತ."

ಎಲ್ಲರಿಗಿಂತ ಮೊದಲು ಎದ್ದವನು ಸೈಕಲ್ ಅಣ್ಣ. ಇಷ್ಟು ವರ್ಷ ಮೊದಲು ಬಂದು ನಿಂತು ನಮಗೆಲ್ಲ ಬುದ್ಧಿ ಹೇಳುವ ಮುಖ ಮಾಡುತ್ತಿದ್ದೆಯಲ್ಲ ಎಂದು ಶುರು ಮಾಡಿದ. ಹಿಂದಿನ ಎರಡು ಸಲವೂ ಇವಳದ್ದೇ ಇರಬೇಕು ಎಂದು ಯಾರೋ ಸೇರಿಸಿದರು. ಅಕ್ಕನ ಮೈದುನ ನೆಲ ನೋಡುತ್ತ ನಿಂತ. ಕೇಂದ್ರದ ಅಧ್ಯಕ್ಷರು ಬಂದರು; ಅವರು ಕೂಗಲಿಲ್ಲ, ಅದೇ ಹೆಚ್ಚು ಭಯವಾಯಿತು. ಇವತ್ತಿನ ಹಾಲಿನ ನಷ್ಟವನ್ನೆಲ್ಲ ಈಯಮ್ಮನೇ ತುಂಬಿಕೊಡಬೇಕು ಎಂದರು ಅಷ್ಟೇ.

"ನಾಲ್ಕೂ ಹಸು ಮಾರಿ ಕೊಡು," ಎಂದ ಸೈಕಲ್ ಅಣ್ಣ.

"ಕೊಡ್ತೀನಿ," ಎಂದರು ಅಕ್ಕ. ನನಗೆ ಮೊದಲೇ ಹೇಳಿದ್ದರೆಂಬ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಡ್ರೈವರು ಪೈಪು ಬಿಚ್ಚಿಕೊಂಡ. ಕೇಂದ್ರದವರೇ ತಡೆದ ಹಾಲು ತಿರಸ್ಕರಿಸಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿ ಒಂದು ಹಾಳೆಯ ಮೇಲೆ ನನ್ನ ಸಹಿ ತೆಗೆದುಕೊಂಡು ಹೊರಟುಹೋದ. ದಾರಿ ಉಳಿಯಿತು ಎಂದು ಆಗ ಯಾರ ಬಾಯಿಂದಲೂ ಬರಲಿಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ ತೆಗೆಯಬೇಕಿತ್ತು. ನನ್ನ ಕೈ ಹೋಗಲಿಲ್ಲ. ಅಕ್ಕನೇ ಬಗ್ಗಿ ತೆಗೆದರು. ಹಾಲು ಇಳಿಜಾರು ನೆಲದ ಮೇಲೆ ಹರಿದು ಚರಂಡಿಗೆ ಹೋಯಿತು. ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಅಲ್ಲಿಂದ ಕದಲಲಿಲ್ಲ. ಟೀಚರಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿದ್ದರು.

ಆ ಮಧ್ಯಾಹ್ನ ಡೈರಿಯಿಂದ ಒಂದು ಡಬ್ಬಿ ಬಂತು. ಅದರಲ್ಲಿ ಕಾಗದದ ಸಣ್ಣ ಪಟ್ಟಿಗಳು. ಹಾಲಿಗೆ ಅದ್ದಿದರೆ ಹತ್ತು ನಿಮಿಷಕ್ಕೆ ಎರಡು ಗೆರೆ ಮೂಡಬೇಕು. ಒಂದೇ ಗೆರೆ ಮೂಡಿದರೆ ಔಷಧಿ ಇದೆ ಎಂದು ಅರ್ಥ. ಎಲ್ಲರ ಹಾಲಿಗೂ ಸಾಲುವಷ್ಟು ಇರಲಿಲ್ಲ. ನಾಳೆಯಿಂದ ನನಗೆ ತೋಚಿದ ಕ್ಯಾನನ್ನು ಪರೀಕ್ಷೆ ಮಾಡಬೇಕು ಎಂದು ಆದೇಶ. ಸಂಜೆ ಹಾಲು ತಂದವರಿಗೆಲ್ಲ ಇದನ್ನು ಹೇಳಿ ಬಾಗಿಲಿಗೂ ಅಂಟಿಸಿದೆ. ಅಕ್ಕ ಸಂಜೆ ಬರಲಿಲ್ಲ. ಹಸು ಕೊಳ್ಳುವವನನ್ನು ಕರೆಸಿದ್ದಾರಂತೆ ಎಂದು ಒಬ್ಬರು, ತಲೆ ಎತ್ತಿ ಓಡಾಡುವ ಹಾಗಿಲ್ಲ ಬಿಡು ಎಂದು ಇನ್ನೊಬ್ಬರು. ಭಾವ ಆ ಸಿಮೆಂಟಿನ ನೆಲವನ್ನು ನೋಡುತ್ತ ಊಟ ಬಿಟ್ಟು ಕೂತಿದ್ದರೆಂದು ಅಕ್ಕನ ಮೈದುನ ನನ್ನ ಹತ್ತಿರ ಮೆಲ್ಲಗೆ ಹೇಳಿದ.

ಮರುದಿನ ನಾನು ಐದೂವರೆಗೆ ಐದು ನಿಮಿಷ ಮೊದಲೇ ಬಂದೆ. ಅಕ್ಕ ಬಂದಿದ್ದರು. ಸಾಲಿನಲ್ಲಿ ಅವರೇ ಮೊದಲು, ಆದರೆ ಅವರ ಹಿಂದೆ ಇಬ್ಬರು ಮೂವರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟು ಉಳಿದವರು ನಿಂತಿದ್ದರು. ಅಕ್ಕ ಕ್ಯಾನನ್ನು ಮೇಜಿನ ಮೇಲೆ ಇಟ್ಟರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಕ್ಕಿಲ್ಲ, ಕಣ್ಣು ಊದಿಕೊಂಡಿದ್ದವು. ಮೂರೂ ಹಸುಗಳನ್ನು ಕೈಯಲ್ಲೇ ಕರೆದೆ ಎಂದು ಹೇಳಿದರು. ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಮೊದ್ಲು ನಂದಕ್ಕೇ ಹಾಕು ಆ ಪಟ್ಟಿ. ಎಲ್ರೂ ನೋಡ್ಲಿ," ಎಂದರು.

ಪಟ್ಟಿ ಅದ್ದಿ ಮೇಜಿನ ಮೇಲೆ ಇಟ್ಟೆ. ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಾಲು ನಿಧಾನವಾಗಿ ಮೇಜಿನ ಹತ್ತಿರಕ್ಕೆ ಸರಿಯಿತು. ಎಲ್ಲರ ಕಣ್ಣೂ ಆ ತುಂಡು ಕಾಗದದ ಮೇಲೆ. ಅಕ್ಕ ಮಾತ್ರ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಒಂದು ಗೆರೆ ಮೂಡಿತು. ಆಮೇಲೆ, ತೆಳ್ಳಗೆ, ಎರಡನೆಯದೂ ಮೂಡಿತು.

ಸರಿಯಿದೆ ಅಕ್ಕ ಎಂದೆ. ಅವರ ಹಾಲನ್ನು ಟ್ಯಾಂಕಿಗೆ ಸುರಿದೆ. ಮುಂದಿನವರು ಎಂದು ಕೂಗಿದೆ.

ಮುಂದಿನವನು ಸೈಕಲ್ ಅಣ್ಣ. ಅವನು ಮೇಜಿನವರೆಗೂ ಬಂದ. ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. ಏನೋ ಮರೆತೆ ಎಂಬಂತೆ ಜೇಬು ತಡಕಿದ. ಕ್ಯಾನನ್ನು ಎತ್ತಿ ಸೈಕಲ್ಲಿಗೆ ಸಿಕ್ಕಿಸಿ, ಹತ್ತದೆ, ತಳ್ಳಿಕೊಂಡು ಹೋದ. ಅವನ ಹಿಂದೆ ನಿಂತಿದ್ದ ಅಜ್ಜ ಒಂದು ಕ್ಷಣ ಅತ್ತಿತ್ತ ನೋಡಿ ತನ್ನ ಕ್ಯಾನನ್ನೂ ಎತ್ತಿಕೊಂಡು ಸಾಲಿನಿಂದ ಹೊರಗೆ ಬಂದರು. ಆಮೇಲೆ ಇನ್ನಿಬ್ಬರು. ಆಮೇಲೆ ಟೀಚರಮ್ಮ, ತಲೆ ತಗ್ಗಿಸಿ. ಅಧ್ಯಕ್ಷರ ಮನೆಯ ಆಳು ಅಧ್ಯಕ್ಷರಿಗೆ ಫೋನ್ ಮಾಡಿ, ಹೂಂ ಹೂಂ ಎಂದು, ಎರಡೂ ಕ್ಯಾನು ಹೊತ್ತುಕೊಂಡು ಹೊರಟ. ತಮ್ಮ ಕ್ಯಾನು ಪರೀಕ್ಷೆಗೆ ಸಿಗಲಿಕ್ಕಿಲ್ಲ ಎಂದುಕೊಂಡು ಬಂದಿದ್ದವರು ಹೆದರಿ ಹೋದರೋ ನಾಚಿ ಹೋದರೋ ನನಗೆ ತಿಳಿಯದು. ಒಟ್ಟು ಒಂಬತ್ತು ಮನೆ.

ಅಕ್ಕ ಬಾಗಿಲ ಪಕ್ಕದಲ್ಲಿ ನಿಂತು ಒಬ್ಬೊಬ್ಬರನ್ನೂ ನೋಡುತ್ತಿದ್ದರು. ಅವರ ಮುಖದಲ್ಲಿ ಗೆದ್ದ ಸಮಾಧಾನ ಕಾಣಬಹುದೆಂದು ನಾನು ಕಾದೆ. ಅಲ್ಲಿ ಇದ್ದದ್ದು ನಿನ್ನೆಗಿಂತ ದೊಡ್ಡ ಹೆದರಿಕೆ. ಮೆಟ್ಟಿಲ ಮೇಲೆ ಕೂತರು.

"ತಮ್ಮಾ," ಎಂದರು, "ಇಷ್ಟು ದಿನಾನೂ?"

ಆ ಟ್ಯಾಂಕಿಗೆ ಅಷ್ಟೂ ದಿನ ಹಾಲು ಸುರಿದವನು ನಾನು. ದಿನಕ್ಕೆ ಅರ್ಧ ಲೀಟರ್ ಅದರಿಂದಲೇ ತುಂಬಿಸಿಕೊಂಡು ಮನೆಗೆ ಒಯ್ದವನೂ ನಾನೇ. ಮುಂದಿನ ಕ್ಯಾನಿನ ಮುಚ್ಚಳ ತೆಗೆದೆ, ಒಳಗೆ ನೋಡಲು ನನಗೆ ಧೈರ್ಯವಾಗಲಿಲ್ಲ.